ಐವತ್ತು ಪರ್ಸೆಂಟ್ ನೆರಳು

೧೨ ಜನವರಿ ೨೦೨೫, ಭಾನುವಾರ

ಎನ್.ಆರ್.ಪುರದಿಂದ ಈಗಷ್ಟೇ ಕೊಪ್ಪಕ್ಕೆ ಬಂದೆ. ಕೈಕಾಲು ತೊಳೆದು, ಟೀವಿ ಹಾಕಿ, ಟೀವಿ ಆರಿಸಿ, ಈಗ ಬರೆಯಲು ಕೂತಿದ್ದೇನೆ. ಇನ್ ಶಾರ್ಟ್, ಇವತ್ತು ನಾನು ಎಲ್ಲರ ಎದುರು ಒಂದು ಮಾತು ಕೊಟ್ಟುಬಿಟ್ಟೆ.

ಮಗಳು ದಿವ್ಯಳ ಸೀಮಂತ. ಅವಳ ಗಂಡನ ಮನೆಯಲ್ಲೇ ಮಾಡಿದರು. ಹೋಳಿಗೆ ಚೆನ್ನಾಗಿತ್ತು, ತುಪ್ಪ ಸ್ವಲ್ಪ ಕಮಟು. ಊಟ ಆದ ಮೇಲೆ ಬೀಗಿತ್ತಿ ವೆಂಕಮ್ಮ ಎಲೆಯಡಿಕೆ ತಟ್ಟೆ ಎಳೆದುಕೊಂಡು, "ಬಾಣಂತನ ಎಲ್ಲಿ ಅಂತ ಈಗ್ಲೇ ಮಾತಾಡುವ" ಅಂದರು. ಚೊಚ್ಚಲ ಬಾಣಂತನ ತವರಿನದು. ಆದರೆ ಈ ತವರಿನಲ್ಲಿ ತಾಯಿ ಇಲ್ಲ. ವನಜಾ ಹೋಗಿ ವರ್ಷ ಆಗುತ್ತಾ ಬಂತು.

"ನಮ್ಮಲ್ಲೇ" ಅಂದೆ.

"ನಿಮ್ಮಲ್ಲಿ ಯಾರಿದ್ದಾರೆ?"

"ನಾನಿದ್ದೀನಲ್ಲ."

ಒಳಗೆ ಯಾರೋ ಕಿಸಕ್ಕನೆ ನಕ್ಕರು. ವೆಂಕಮ್ಮ ನಗಲಿಲ್ಲ. "ನಗಬೇಡ್ರೇ, ಅವರು ಮನಸ್ಸಿಟ್ಟು ಹೇಳ್ತಿದ್ದಾರೆ. ಆದ್ರೆ ಸೋಮನಾಥ್‌ರೇ, ಬಾಣಂತಿ ಕೋಣೆ ಅಂದ್ರೆ ಆಟ ಅಲ್ಲ. ಗಾಳಿ ತಾಗಬಾರದು, ಕಂಡೋರ ಕಣ್ಣು ಬೀಳಬಾರದು. ನಿಮ್ಮ ಕೋಣೆ ಕಿಟಕಿ ನೋಡಿದ್ದೀನಿ ಮಾರಾಯ್ರೆ, ಇಷ್ಟಗಲ. ಎದುರು ಮನೆಯೋರು ಒಗ್ಗರಣೆ ಹಾಕಿದ್ರೆ ನಿಮಗೆ ಸೀನು ಬರ್ತದೆ."

ದಿವ್ಯ ಅಂದಳು: "ಡಾಕ್ಟ್ರು ಕತ್ತಲೆ ಕೋಣೆ ಬೇಡ ಅಂತಾರೆ ಅತ್ತೆ. ಕೂಸಿನ ಮೈ ಹಳದಿ ಆದ್ರೆ ಹಗಲು ಬೆಳಕಲ್ಲೇ ಗೊತ್ತಾಗೋದಂತೆ."

"ಹಾಗಾದ್ರೆ ಅಂಗಳದಲ್ಲೇ ಮಲಗು."

"ಬೆಳಕೂ ಇರ್ತದೆ, ಕಣ್ಣೂ ಬೀಳಲ್ಲ" ಅಂದೆ ನಾನು. "ನೀನು ಬಂದು ನೋಡು ದಿವ್ಯಾ. ನೋಡಿ ಆಮೇಲೆ ಹೇಳು."

ಅಳಿಯ ಯಜ್ಞೇಶ ಒಳ್ಳೆಯ ಹುಡುಗ. "ಮಾರ್ಚ್ ನಡುವೆ ಬಂದು ನೋಡ್ತೀವಿ ಮಾವ" ಅಂತ ಮಾತು ಮುಗಿಸಿದ. ದಿವ್ಯ ಬಸ್ಸು ಹತ್ತಿಸುವಾಗ ನನ್ನ ಅಂಗಿಯ ಕಾಲರ್ ಸರಿ ಮಾಡಿದಳು. ಅವಳಮ್ಮನೂ ಹಾಗೇ ಮಾಡುತ್ತಿದ್ದಳು.

ಅಂತೂ ಈಗ ನನ್ನ ಮುಂದೆ ಇರುವುದು ಒಂದೇ ಕ್ವೆಶ್ಚನ್. ಒಂದು ಕಿಟಕಿ.

೧೫ ಜನವರಿ, ಬುಧವಾರ

ಕೋಣೆ ಗುಡಿಸಿದೆ. ಬಟ್ಟೆ ತೆಗೆಯಲು ದಿನಾ ಹೋಗುತ್ತೇನೆ, ನಿಂತು ನೋಡಿರಲಿಲ್ಲ. ಮಂಚ, ಕಪಾಟು, ಪೂರ್ವಕ್ಕೆ ಕಿಟಕಿ. ನಾಲ್ಕು ಬಾಗಿಲಿನ ದೊಡ್ಡ ಕಿಟಕಿ. ಪರದೆ ಇಲ್ಲ. ಮೊದಲು ಇತ್ತು, ಹೂವಿನದು. ವನಜಾ ಹಾಸಿಗೆ ಹಿಡಿದ ಮೇಲೆ "ಅದನ್ನ ತೆಗೀರಿ, ಉಸಿರು ಕಟ್ಟುತ್ತೆ" ಅಂದಳು. ತೆಗೆದೆ. ಆಮೇಲೆ ಹಾಕಲಿಲ್ಲ.

ಆಗ ಓಣಿಯಾಚೆ ಖಾಲಿ ಸೈಟು. ಚಪ್ಪಲಿ ಅಂಗಡಿಯ ಮಹಮ್ಮದ್ ಶಫಿ ಮನೆ ಕಟ್ಟಿಸಲು ಶುರು ಮಾಡಿದ್ದರು. ಅವಳಿಗೆ ದಿನವಿಡೀ ಅದೇ ಸಿನಿಮಾ. ನಾನು ಗಂಜಿ ತಂದರೆ "ಇವತ್ತು ಲಿಂಟಲ್ ಮಟ್ಟಕ್ಕೆ ಬಂತು" ಅನ್ನುವಳು. ಮೇಲಿನ ತಾರಸಿ ಹಾಕಿದ ವಾರ ಹೋದಳು. ಈಗ ಅಲ್ಲಿ, ನಮ್ಮ ಮಹಡಿಯ ಮಟ್ಟಕ್ಕೇ, ಶಫಿಯವರ ಅಡುಗೆಮನೆಯ ಕಿಟಕಿ. ನಮ್ಮ ಕಿಟಕಿಗೂ ಅದಕ್ಕೂ ನಡುವೆ ಒಂದು ಓಣಿ ಅಷ್ಟೇ, ಒಂದು ಆಟೋ ಹೋಗುವಷ್ಟು. ಅವರ ಮನೆಯವರ ಮುಖ ನಾನು ಸರಿಯಾಗಿ ನೋಡಿಲ್ಲ. ಕರೆಂಟಿನ ಮೀಟರ್ ಓದುವ ಕೆಲಸದಲ್ಲಿ ಜೀವನ ಕಳೆದವನು ನಾನು. ಊರಿನ ಎಲ್ಲ ಮನೆಯ ಜಗಲಿಗೂ ಹೋಗಿದ್ದೇನೆ. ಕಣ್ಣು ಮೀಟರ್ ಮೇಲೆ, ಆಮೇಲೆ ಗೇಟಿನ ಮೇಲೆ. ಒಳಗೆ ನೋಡಬಾರದು. ಅದು ಅಭ್ಯಾಸವಾಗಿ ಹೋಗಿದೆ.

ನಾನು ಮಲಗುವುದು ಹಾಲಿನ ಬೆಂಚಿನ ಮೇಲೆ. ಅಲ್ಲಿ ಟೀವಿ ಇದೆ, ಮತ್ತೆ ಬೆಚ್ಚಗಿರುತ್ತದೆ. ಬೆಳಿಗ್ಗೆ ಮೊಬೈಲ್ ಅಲಾರಾಂ ಏಳಿಸುತ್ತದೆ. ವನಜಾ ಇದ್ದಾಗ ಅಲಾರಾಂ ಬೇಕಿರಲಿಲ್ಲ. ಮಂಚದ ಮೇಲಿಂದ "ಎದ್ರಾ?" ಅನ್ನುವಳು, ನಾನು ಕೆಳಗೆ ಚಾಪೆಯಿಂದ "ಎದ್ದೆ" ಅನ್ನುವುದು, ಮತ್ತೆ ಐದು ನಿಮಿಷ ಮಲಗುವುದು.

ಕಿಟಕಿಯ ಅಳತೆ ತೆಗೆದುಕೊಂಡೆ.

೨೧ ಜನವರಿ, ಮಂಗಳವಾರ

ಬಸ್‌ಸ್ಟ್ಯಾಂಡ್ ಹತ್ತಿರದ ಪರದೆ ಅಂಗಡಿಗೆ ಹೋದೆ. ಕೃತಿಕಾ ಅಂತ ಒಂದು ಹುಡುಗಿ ಇದ್ದಾಳೆ, ಬಾಯಿಗೆ ಬೀಗ ಇಲ್ಲ.

"ಯಾವ ರೂಮಿಗೆ ಅಂಕಲ್?"

"ಬೆಡ್‌ರೂಮಿಗೆ."

"ಹೊಸ ಮದ್ವೆಯಾ?"

"ಬಾಣಂತಿಗಮ್ಮಾ!"

"ಅಯ್ಯೋ, ಅಷ್ಟು ಬೇಗನಾ" ಅಂತ ನಕ್ಕಳು. ನನಗೂ ನಗು ಬಂತು. ಹಣೆ ಚಚ್ಚಿಕೊಂಡು ವಿವರಿಸಿದೆ. ಅವಳು ಬ್ಲ್ಯಾಕೌಟ್ ಅನ್ನುವ ಬಟ್ಟೆ ತೋರಿಸಿದಳು. ಒಂದು ಚೂರು ಬೆಳಕು ಬರಲ್ಲ, ಒಂದು ಕಣ್ಣೂ ಬೀಳಲ್ಲ, ಪ್ರೈವೆಸಿ ಹಂಡ್ರೆಡ್ ಪರ್ಸೆಂಟ್. ಒಂದು ಜೊತೆ ಮನೆಗೆ ಕೊಟ್ಟು ಕಳಿಸಿದಳು, ನೋಡಿ ಬೇಡವಾದರೆ ತನ್ನಿ ಅಂತ.

ಕಟ್ಟಿ ನೋಡಿದೆ. ನಡುಮಧ್ಯಾಹ್ನ ಕೋಣೆ ಕಪ್ಪಾಯಿತು. ಮಂಚದ ಅಂಚು ಮಾತ್ರ ಗೊತ್ತಾಗುತ್ತಿತ್ತು. ಅಲ್ಲಿ ಯಾರೋ ಮಲಗಿದ್ದಾರೆ, ಉಸಿರಾಟ ಮಾತ್ರ ಕೇಳಿಸುತ್ತಿಲ್ಲ ಅನ್ನುವ ಹಾಗೆ. ಆಗಲೇ ಬಿಚ್ಚಿ ಮಡಚಿ ವಾಪಸ್ ಕೊಟ್ಟು ಬಂದೆ. ಡಾಕ್ಟರು ಹೇಳಿದ್ದು ಸರಿ. ಕತ್ತಲೆ ಬೇಡ.

೩೧ ಜನವರಿ, ಶುಕ್ರವಾರ

ಶೃಂಗೇರಿಗೆ ಹೋಗಿದ್ದೆ. ಕೆಲಸ ಇತ್ತು ಅಂತಲ್ಲ. ಬಸ್ಸಿನಲ್ಲಿ ಕೂತರೆ ಪಕ್ಕದಲ್ಲಿ ಯಾರಾದರೂ ಕೂರುತ್ತಾರೆ. ಹರಿಹರಪುರದ ತನಕ ಒಬ್ಬರು ತಮ್ಮ ಹಲ್ಲುನೋವಿನ ಕಥೆ ಹೇಳಿದರು. ಅವರು ಇಳಿದಾಗ ಬೇಜಾರಾಯಿತು.

ಶೃಂಗೇರಿಯಲ್ಲೇ ನಾನು ಬಿ.ಎಸ್ಸಿ. ಮಾಡಿದ್ದು, ಎರಡೇ ವರ್ಷ, ಮುಗಿಸಲಿಲ್ಲ. ಫಿಸಿಕ್ಸ್ ಮೇಷ್ಟ್ರು ಒಂದು ಗಾಜು, ಒಂದು ಎಣ್ಣೆ ಕಾಗದ, ಒಂದು ರಟ್ಟು ತರುತ್ತಿದ್ದರು. ಟ್ರಾನ್ಸ್‌ಪರೆಂಟ್, ಟ್ರಾನ್ಸ್‌ಲ್ಯೂಸೆಂಟ್, ಓಪೇಕ್. ಲೈಟ್ ಟ್ರಾವೆಲ್ಸ್ ಇನ್ ಎ... ಮುಂದೆ ಏನೋ 'ಲೈನ್' ಬರುತ್ತದೆ. ಕಾಫಿ ಕುಡಿದ ಹೋಟೆಲಿನ ಮೇಲೆ ಲಾಡ್ಜು. ಅದರ ಕಿಟಕಿಗೆ ಮಂಜುಮಂಜಾದ ಹಾಳೆ ಅಂಟಿಸಿದ್ದರು. ಇದೇ ಎಣ್ಣೆ ಕಾಗದ! ಅಂತ ಖುಷಿಯಾಗಿ, ಹುಡುಕಿ ಒಂದು ಸುರುಳಿ ತಂದು ಒಂದು ಗಾಜಿಗೆ ಅಂಟಿಸಿದೆ. ಬಚ್ಚಲಮನೆ ಕಂಡ ಹಾಗೆ ಆಯಿತು. ಮೇಲಾಗಿ ಕಿಟಕಿ ತೆರೆದರೆ ಹಾಳೆಯೂ ಬಾಗಿಲಿನ ಜೊತೆ ಆಚೆ ಹೋಗುತ್ತದೆ. ಕೆರೆದು ತೆಗೆದೆ. ಉಗುರು ನೋಯುತ್ತಿದೆ.

೬ ಫೆಬ್ರವರಿ, ಗುರುವಾರ

ಯುರೇಕಾ!

ಕೃಷಿ ಸಾಮಾನಿನ ಅಂಗಡಿ ಮುಂದೆ ಹೋಗುವಾಗ ಕಂಡಿತು. ಶೇಡ್ ನೆಟ್. ಅಡಿಕೆ ಸಸಿ ಮಡಿಗೆ ಬಿಸಿಲು ತಡೆಯಲು ಕಟ್ಟುವ ಹಸಿರು ಬಲೆ. ಮೇಗುಂದದ ಕಡೆ ಮೀಟರ್ ಓದಲು ಹೋದಾಗಲೆಲ್ಲ ನೋಡಿದ್ದೇನೆ, ತಲೆಗೆ ಹೊಳೆದಿರಲಿಲ್ಲ. ಇದಕ್ಕೆ ಲೆಕ್ಕ ಇದೆ! ಐವತ್ತು ಪರ್ಸೆಂಟ್, ಎಪ್ಪತ್ತೈದು, ತೊಂಬತ್ತು. ಪರದೆ ಅಂಗಡಿಯಲ್ಲಿ ಬರೀ 'ಲೈಟ್ ಆಗಿದೆ, ಥಿಕ್ ಆಗಿದೆ' ಅನ್ನುತ್ತಾರೆ, ಇಲ್ಲಿ ಸೈನ್ಸ್.

"ಎಷ್ಟು ಸಸಿ ಹಾಕಿದ್ದೀರಿ?" ಅಂತ ಅಂಗಡಿಯವನು ಕೇಳಿದ.

"ಒಂದೇ."

"ಒಂದು ಸಸಿಗೆ ನೆಟ್ಟಾ?"

"ತುಂಬಾ ನಾಜೂಕಿನ ಸಸಿ ಮಾರಾಯ."

ಐವತ್ತು ಪರ್ಸೆಂಟ್ ತಂದೆ. ಅರ್ಧ ಬೆಳಕು, ಅರ್ಧ ಮರೆ. ವೆಂಕಮ್ಮನಿಗೆ ಅರ್ಧ, ಡಾಕ್ಟರಿಗೆ ಅರ್ಧ. ಮೊಳೆ ಹೊಡೆದು ಬಿಗಿಯಾಗಿ ಕಟ್ಟಿದೆ. ಆಮೇಲೆ ಓಣಿಗೆ ಇಳಿದು ಹೋಗಿ ತಲೆ ಎತ್ತಿ ನೋಡಿದೆ. ಹನ್ನೆರಡರ ಬಿಸಿಲು. ಕಿಟಕಿ ಬಾವಿಯ ಹಾಗೆ ಕಪ್ಪು, ಒಳಗೆ ಏನೇನೂ ಕಾಣುವುದಿಲ್ಲ. ಮೇಲೆ ಬಂದು ಒಳಗಿನಿಂದ ನೋಡಿದರೆ ಓಣಿ, ಬೆಕ್ಕು, ಒಣಗಲು ಹಾಕಿದ ಮೆಣಸಿನಕಾಯಿ, ಎಲ್ಲ ಕಾಣುತ್ತದೆ. ಹೆನ್ಸ್ ಪ್ರೂವ್ಡ್.

೯ ಫೆಬ್ರವರಿ, ಭಾನುವಾರ

ಕೋಣೆಯೆಲ್ಲ ಹಸಿರು. ಕೈ ಹಸಿರು, ಲುಂಗಿ ಹಸಿರು, ಗೋಡೆಯ ಮೇಲಿನ ವನಜಾಳ ಫೋಟೋ ಹಸಿರು. ಕೂಸು ಹಳದಿ ಆದರೆ ಇಲ್ಲಿ ಹೇಗೆ ಗೊತ್ತಾಗುತ್ತದೆ ಎಂಬ ಡೌಟು ಬಂತು. ಅದು ಆಮೇಲೆ ನೋಡುವ.

ಇನ್ನೊಂದು ವಿಷಯ. ಕೋಣೆ ಆಯಿತು, ಕೂಸನ್ನು ಹಿಡಿಯುವುದು? ದಿವ್ಯ ಹುಟ್ಟಿದಾಗ ನಾನು ಹೆದರಿ ದೂರ ನಿಲ್ಲುತ್ತಿದ್ದೆ, ಎಲ್ಲ ಹೆಂಗಸರೇ ನೋಡಿಕೊಂಡರು. ಮೊಬೈಲಿನಲ್ಲಿ ವಿಡಿಯೋ ಇದೆ, ಕೂಸಿಗೆ ನೀರು ಹಾಕುವುದು ಹೇಗೆ ಅಂತ. ಕಾಲು ನೀಡಿ ಮಣೆಯ ಮೇಲೆ ಕೂರಬೇಕು, ಕಾಲ ಮೇಲೆ ಕೂಸನ್ನು ಮಲಗಿಸಬೇಕು, ತಂಬಿಗೆಯಿಂದ ನಿಧಾನ ಹೊಯ್ಯಬೇಕು. ವನಜಾ ಮೊಣಕಾಲ ಕೆಳಗೆ ಇಟ್ಟುಕೊಳ್ಳುತ್ತಿದ್ದ ಸಣ್ಣ ದಿಂಬು ಕಪಾಟಿನಲ್ಲಿತ್ತು. ಅದನ್ನು ಟವೆಲ್ಲಿನಲ್ಲಿ ಸುತ್ತಿ, ದೀಪ ಹಾಕಿ, ಖಾಲಿ ತಂಬಿಗೆ ಹಿಡಿದು ಪ್ರಾಕ್ಟಿಕಲ್ ಮಾಡಿದೆ. ಎರಡು ಸಲ ಜಾರಿ ಬಿತ್ತು. ಮಂಡಿ ಹಿಡಿದುಕೊಂಡಿತು. ಪುಣ್ಯಕ್ಕೆ ನೆಟ್ ಇದೆ, ಯಾರೂ ನೋಡುವುದಿಲ್ಲ.

೧೪ ಫೆಬ್ರವರಿ, ಶುಕ್ರವಾರ

ಇವತ್ತು ಬೀಳಲಿಲ್ಲ.

೨೨ ಫೆಬ್ರವರಿ, ಶನಿವಾರ

ಸಂಜೆ ಊಟ ಮುಗಿಸಿ ಕೋಣೆಗೆ ಹೋಗುವುದು ಈಗ ರೂಢಿ. ನೀರು ಹಾಕುವುದಾದ ಮೇಲೆ ಸ್ವಲ್ಪ ಹೊತ್ತು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತೇನೆ. ಬಾಯಿ ಸುಮ್ಮನಿರುವುದಿಲ್ಲ. ಮೊದಲು ಮೀಟರಿನ ಕಥೆ: ಯಾವ ಮನೆಯ ನಾಯಿ ಕಚ್ಚಿತು, ಯಾವ ಮನೆಯವರು ಮಜ್ಜಿಗೆ ಕೊಟ್ಟರು. ಆಮೇಲೆ ಇವತ್ತು ಸಾರಿಗೆ ಉಪ್ಪು ಜಾಸ್ತಿ ಆದದ್ದು. ಹೇಳುತ್ತಾ ಹೇಳುತ್ತಾ ನಾನು ಹೇಳುತ್ತಿರುವುದು ದಿಂಬಿಗಾ, ಕೂಸಿಗಾ, ಫೋಟೋಗಾ ಎಂದು ನನಗೇ ಗೊತ್ತಾಗಲಿಲ್ಲ. ಒಂದು ಸಲ ಅಳು ಬಂತು. ಬಂದರೆ ಬರಲಿ, ಯಾರು ನೋಡುತ್ತಾರೆ! ಪ್ರೈವೆಸಿ ಅಂದರೆ ಇದೇ ಇರಬೇಕು.

ಮುಗಿದ ಮೇಲೆ ದಿಂಬನ್ನು ಮಂಚದ ಮೇಲೆ ಗೋಡೆ ಬದಿಗೆ ಮಲಗಿಸಿ, ದೀಪ ಆರಿಸಿ, ಹಾಲಿಗೆ ಬಂದು ಮಲಗುತ್ತೇನೆ.

ದಿವ್ಯ ಫೋನ್ ಮಾಡಿದ್ದಳು. ಕಾಲು ಊದಿದೆಯಂತೆ. "ಕೋಣೆ ರೆಡಿ" ಅಂದೆ. "ಹೂಂ ಅಪ್ಪ" ಅಂದಳು.

೫ ಮಾರ್ಚ್, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಸಂಜೆ ಕತ್ತಲಾಗಿತ್ತು. ಎದುರು ಮನೆಯಲ್ಲಿ ರಂಜಾನ್ ಉಪವಾಸ ಬಿಟ್ಟಿದ್ದರು, ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. ನಾನು ಎಂದಿನಂತೆ ಮಣೆಯ ಮೇಲೆ ಕೂತು, ಕಾಲು ನೀಡಿ, ತಂಬಿಗೆ ಎತ್ತಿದ್ದೆ. ಆಚೆಯಿಂದ ಹೆಂಗಸಿನ ದನಿ, ದೊಡ್ಡದಾಗಿ:

"ಅಣ್ಣಾ, ತಲೆ ಕೆಳಗೆ ಕೈ ಕೊಡಿ! ಕುತ್ತಿಗೆ ಮುರೀತದೆ!"

ತಂಬಿಗೆ ಕೈಯಿಂದ ಬಿತ್ತು. ಕಿಟಕಿ ಹತ್ತಿರ ಹೋದರೆ ಎದುರು ಅಡುಗೆಮನೆಯಲ್ಲಿ ಶಫಿಯವರ ಹೆಂಡತಿ ಶಕೀಲಾ, ಪಕ್ಕದಲ್ಲಿ ಸೊಸೆ ಯಾಸ್ಮೀನ್ ಸೆರಗು ಬಾಯಿಗೆ ಒತ್ತಿಕೊಂಡು.

"ನಿಮಗೆ... ಕಾಣಿಸ್ತದಾ?" ಅಂದೆ.

"ಕಾಣಿಸ್ದೆ ಎಂತ? ಟೀವಿ ಇದ್ದಂಗೆ ಕಾಣಿಸ್ತದೆ. ಮೊದ್ಲು ನಮಗೆ ಹೆದರಿಕೆ ಆಯ್ತು ಮಾರಾಯ್ರೆ, ಇದೇನು ಅಣ್ಣ ದಿಂಬಿಗೆ ಸ್ನಾನ ಮಾಡಿಸ್ತಾರಲ್ಲ ಅಂತ. ಆಮೇಲೆ ಯಾಸ್ಮೀನ್ ಹೇಳಿದ್ಲು, ಮಗಳಿಗೆ ತಿಂಗಳು ತುಂಬಿದೆ, ಕಲೀತಿದ್ದಾರೆ ಅಂತ. ಒಂದು ತಿಂಗಳಿಂದ ನೋಡ್ತಾ ಇದ್ದೀನಿ, ದಿನಾ ತಲೆ ಜೋತುಬೀಳ್ತದೆ. ಇವತ್ತು ತಡ್ಕೊಳ್ಳೋಕೆ ಆಗ್ಲಿಲ್ಲ."

ನಾನು ಕೆಳಗೆ ಇಳಿದು ಹೋದೆ. ದೀಪ ಹಾಗೇ ಉರಿಯುತ್ತಿತ್ತು. ಓಣಿಯಲ್ಲಿ ನಿಂತು ತಲೆ ಎತ್ತಿದೆ. ಮೊಳೆಗೆ ನೇತುಹಾಕಿದ ನನ್ನ ಅಂಗಿ, ಕ್ಯಾಲೆಂಡರು, ಫೋಟೋದ ಹಾರ, ಕಪಾಟಿನ ಹಿಡಿ, ಎಲ್ಲ. ಬಲೆ ಇದೆ ಎಂದೇ ಗೊತ್ತಾಗುವುದಿಲ್ಲ.

ಬೆಳಕು ಯಾವ ಕಡೆ ಜಾಸ್ತಿಯೋ ಆ ಕಡೆ ಕಾಣುತ್ತದೆ. ಹಗಲು ಹೊರಗೆ ಬೆಳಕು, ಒಳಗಿನವರಿಗೆ ಮರೆ. ರಾತ್ರಿ ಉಲ್ಟಾ. ಇದು ಫಿಸಿಕ್ಸ್ ಕೂಡ ಅಲ್ಲ, ಮಕ್ಕಳಿಗೆ ಗೊತ್ತಿರುವ ಸಂಗತಿ. ನಾನು ಕತ್ತಲಾದ ಮೇಲೆ ನೋಡಲೇ ಇಲ್ಲ. ಮೀಟರ್ ಓದುವುದು ಹಗಲು ಹೊತ್ತಿನ ಕೆಲಸ. ಈ ಊರಿನ ಒಂದು ಮನೆಯನ್ನೂ ನಾನು ದೀಪ ಹಚ್ಚಿದ ಮೇಲೆ ನೋಡಿದವನಲ್ಲ.

ನಾನು ಅತ್ತದ್ದನ್ನೂ ನೋಡಿರಬೇಕು.

೬ ಮಾರ್ಚ್, ಗುರುವಾರ

ಕೋಣೆಯ ದೀಪ ಹಾಕಲಿಲ್ಲ.

೭ ಮಾರ್ಚ್, ಶುಕ್ರವಾರ

ಹಾಕಲಿಲ್ಲ. ಹಾಲಿನಲ್ಲಿ ಟೀವಿ ನೋಡಿದೆ. ಏನು ನೋಡಿದೆ ಅಂತ ನೆನಪಿಲ್ಲ.

೯ ಮಾರ್ಚ್, ಭಾನುವಾರ

ಸಂಜೆ ಬಾಗಿಲು ತಟ್ಟಿದ ಸದ್ದು. ಶಕೀಲಾ, ಕೈಯಲ್ಲಿ ಮುಚ್ಚಿದ ತಟ್ಟೆ. ಹಿಂದೆ ಶಫಿ, ಮುಖ ಸಣ್ಣದು ಮಾಡಿಕೊಂಡು.

"ನಾನು ಬೈದೆ ಇವಳಿಗೆ" ಅಂದರು ಶಫಿ. "ಇನ್ನೊಬ್ಬರ ಮನೆ ಕಿಟಕಿ ನೋಡ್ತೀಯಾ, ಮೇಲಿಂದ ಕಾಮೆಂಟ್ರಿ ಬೇರೆ ಕೊಡ್ತೀಯಾ ಅಂತ."

"ನೋಡೋದಲ್ಲ ರೀ, ಕಾಣೋದು. ಒಲೆ ಮುಂದೆ ನಿಂತ್ರೆ ಮುಖ ಆ ಕಡೆಗೇ ಇರ್ತದೆ. ಕಣ್ಣು ಮುಚ್ಚಿ ಸಮೋಸಾ ಕರೀಲಾ?" ಅಂತ ಅವರಿಗೆ ಹೇಳಿ, ನನ್ನ ಕಡೆ ತಿರುಗಿದರು. "ಲೈಟ್ ಯಾಕೆ ಹಾಕ್ತಿಲ್ಲ ಅಣ್ಣ? ನಾನು ಹೇಳಿದ್ದಕ್ಕಾ? ಮೂರು ದಿನದಿಂದ ಆ ಕಿಟಕಿ ಕತ್ತಲೆ ನೋಡಿ ನನಗೆ ಸರಿ ಇಲ್ಲ. ಮೈಗೆ ಹುಷಾರಿಲ್ವೇನೋ ಅಂತ ಇವರಿಗೆ ಹೇಳಿದೆ, ಹೋಗಿ ನೋಡಿ ಅಂತ."

"ಏನಿಲ್ಲ, ಬಲ್ಬು ಹೋಗಿತ್ತು" ಅಂದೆ. ಕರೆಂಟ್ ಆಫೀಸಿನವನ ಬಾಯಲ್ಲಿ ಈ ಸುಳ್ಳು.

ಶಕೀಲಾ ಸೀದಾ ಕೋಣೆಗೆ ಹೋಗಿ ಸ್ವಿಚ್ ಒತ್ತಿದರು. ಹತ್ತಿತು. ಮಣೆ ಎಳೆದುಕೊಂಡು ಕೂತು, ದಿಂಬು ಕೇಳಿ ತೆಗೆದುಕೊಂಡು, ಎಡಗೈ ಹೀಗೆ, ಹೆಬ್ಬೆರಳು ಕಿವಿಯ ಹಿಂದೆ, ನೀರು ಬಲಗೈಯಲ್ಲಿ ಅಂತ ತೋರಿಸಿದರು. "ನೀವು ನೀರು ಹಾಕೋದೇನೂ ಬೇಡ. ಮಗಳು ಬರ್ಲಿ, ನಾನು ಎದುರೇ ಇದ್ದೀನಿ, ದಿನಾ ಬೆಳಿಗ್ಗೆ ಬಂದು ಹಾಕ್ತೀನಿ. ನಿಮ್ಮ ಬೀಗಿತ್ತಿ ಒಪ್ಪಿದ್ರೆ. ನೀವು ಎತ್ಕೊಳ್ಳೋದು ಕಲೀರಿ ಸಾಕು."

ಹೋಗುವಾಗ ನೆಟ್ ಮುಟ್ಟಿ ನೋಡಿದರು. "ಇದು ಸಸಿಗೆ ಕಟ್ಟೋದಲ್ವಾ?"

"ಹೌದು."

"ಕೂಸು ಚಿಗುರ್ತದೆ ಹಾಗಾದ್ರೆ" ಅಂತ ಶಫಿ ಅಂದರು. ಮೂವರೂ ನಕ್ಕೆವು. ಈ ಕೋಣೆಯಲ್ಲಿ ಮೂರು ಜನ ನಕ್ಕು ತುಂಬಾ ಕಾಲವಾಗಿತ್ತು. ಸಮೋಸಾ ಖಾರ. ಚೆನ್ನಾಗಿತ್ತು.

೧೨ ಮಾರ್ಚ್, ಬುಧವಾರ

ನೆಟ್ ಕಿತ್ತು ಹಾಕಿದೆ. ಕೃತಿಕಾಳ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. "ಎರಡು ಪದರ ಹಾಕಿ ಅಂಕಲ್, ಅಡಿಕೆ ಸಸಿಗಲ್ಲ, ಮನುಷ್ಯರಿಗೆ" ಅಂದಳು. ಒಳಗಿನ ಸರಳಿಗೆ ತೆಳು ಬಿಳಿ ಮಲ್ ಬಟ್ಟೆ, ಹಗಲಿಗೆ. ಅದರ ಮುಂದಿನ ಸರಳಿಗೆ ದಪ್ಪ ಕೈಮಗ್ಗದ ಬಟ್ಟೆ, ಕಾವಿ ಬಣ್ಣ, ದೀಪ ಹಚ್ಚಿದ ಮೇಲೆ ಎಳೆಯಲಿಕ್ಕೆ. ಬಿಳಿ ಬಟ್ಟೆ ಕಿಟಕಿಯ ಮುಕ್ಕಾಲು ಮಟ್ಟಕ್ಕೆ ಮಾತ್ರ, ಮೇಲೆ ಒಂದು ಗೇಣು ಖಾಲಿ. ಆ ಗೇಣಿನಲ್ಲಿ ಬಿಸಿಲು ಬಣ್ಣ ಕಳೆದುಕೊಳ್ಳದೆ ಬರುತ್ತದೆ, ಕೂಸು ಹಳದಿಯೋ ಕೆಂಪೋ ಸರಿಯಾಗಿ ಗೊತ್ತಾಗುತ್ತದೆ. ಗೇಣಿನ ಐಡಿಯಾ ಮಾತ್ರ ನನ್ನದೇ.

ಈ ಸಲ ಸಂಜೆ ದೀಪ ಹಾಕಿ, ಪರದೆ ಎಳೆದು, ಓಣಿಗೆ ಇಳಿದು ನೋಡಿದೆ. ಶಕೀಲಾ ಮೇಲಿಂದ "ಏನೂ ಕಾಣಲ್ಲ, ಪಾಸು!" ಅಂತ ಕೂಗಿದರು. ಆಮೇಲೆ, "ಬೇಜಾರು ಮಾರಾಯ್ರೆ ಇನ್ನು ಒಲೆ ಮುಂದೆ" ಅಂದರು.

ಭಾನುವಾರ ದಿವ್ಯ ಬರುತ್ತಾಳೆ.

೧೬ ಮಾರ್ಚ್, ಭಾನುವಾರ

ಬಂದಿದ್ದರು. ಹೋದರು.

ಬೆಳಿಗ್ಗೆಯೇ ನೆಲ ಒರೆಸಿದ್ದೆ. ಹೊಸ ಬೆಡ್‌ಶೀಟು ಹಾಸಿದ್ದೆ. ದಿವ್ಯ ಬಾಗಿಲಲ್ಲಿ ನಿಂತಳು. ಬಿಳಿ ಪರದೆಯಲ್ಲಿ ಬಿಸಿಲು ತುಂಬಿ ಕೋಣೆ ಹಾಲಿನ ಪಾತ್ರೆಯ ಹಾಗೆ ಇತ್ತು. ನಾನು ಸೇಲ್ಸ್‌ಮನ್ ತರಹ ಶುರು ಮಾಡಿದೆ: ಇದು ಹಗಲಿಗೆ, ಇದು ರಾತ್ರಿಗೆ, ಈ ಗೇಣಿನಿಂದ ಬಿಸಿಲು, ಎದುರು ಮನೆಯಿಂದ ಟೆಸ್ಟ್ ಆಗಿದೆ, ಶಕೀಲಾ ಅವರು ನೀರು ಹಾಕಲು ಬರುತ್ತಾರೆ.

"ಚಂದ ಆಗಿದೆ ಅಪ್ಪ" ಅಂದಳು. "ತುಂಬಾ ಚಂದ ಆಗಿದೆ."

"ಕೂತ್ಕೋ."

ಕೂರಲಿಲ್ಲ. ಮಂಚ ಪಕ್ಕದಲ್ಲೇ ಇತ್ತು. ಆ ತುಂಬಿದ ಹೊಟ್ಟೆ ಹೊತ್ತುಕೊಂಡು ನಿಂತೇ ಇದ್ದಳು. ಯಜ್ಞೇಶ ಹಾಲಿನಿಂದ ಕುರ್ಚಿ ತಂದು ಹಾಕಿದ ಮೇಲೆ ಕೂತಳು.

"ಅಪ್ಪ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಎಲ್ಲಿ ಮಲಗ್ತೀಯ?"

"ಹಾಲಲ್ಲಿ. ಟೀವಿ ಇದೆಯಲ್ಲ."

"ಎಷ್ಟು ದಿನದಿಂದ?"

ಬೆಡ್‌ಶೀಟಿನ ಅಂಚು ಎಳೆದು ಸರಿ ಮಾಡಿದೆ. ಅವಳಿಗೆ ಗೊತ್ತಿತ್ತು.

"ನಿನಗೇ ಆಗ್ತಿಲ್ಲ. ನನಗೆ ಹೇಗೆ ಆಗ್ತದೆ ಹೇಳು" ಅಂದಳು. "ಅಮ್ಮ ಇಲ್ಲೇ, ಈ ಮಂಚದ ಮೇಲೇ... ನಾನು ಇಲ್ಲಿ ಮಲಗಿದ್ರೆ ದಿನಾ ಅದೇ ನೋಡ್ತೀನಿ ಅಪ್ಪ. ಕೂಸಿಗೆ ಹಾಲು ಕೊಡುವಾಗಲೂ ಅದೇ ನೋಡ್ತೀನಿ. ಕಿಟಕಿ ನಿಂದು ಸರಿಯಾಗಿದೆ. ಕಿಟಕಿದೇನೂ ತಪ್ಪಿಲ್ಲ."

"ಮಂಚ ಬೇರೆ ತರ್ತೀನಿ."

"ಅಪ್ಪ."

ಆಮೇಲೆ ನಾನು ಚಹಾ ಮಾಡಲು ಹೋದೆ. ಸಕ್ಕರೆ ಎರಡು ಸಲ ಹಾಕಿದೆ ಅಂತ ಕಾಣುತ್ತದೆ, ಯಾರೂ ಹೇಳಲಿಲ್ಲ. ಬಾಣಂತನ ಎನ್.ಆರ್.ಪುರದಲ್ಲೇ ಎಂದು ಆಯಿತು.

ಮಂಚದ ವಿಷಯ ನನಗೆ ಒಂದು ದಿನವಾದರೂ ಹೊಳೆಯಬಾರದಿತ್ತೇ. ಎರಡು ತಿಂಗಳು ಕಿಟಕಿಯನ್ನೇ ನೋಡಿದೆ.

೧೭ ಮಾರ್ಚ್, ಸೋಮವಾರ

ನಥಿಂಗ್ ಟು ರೈಟ್.

೨೪ ಮಾರ್ಚ್, ಸೋಮವಾರ

ಮೊನ್ನೆ ಫೋನಿನಲ್ಲಿ ದಿವ್ಯ ಮಾತಿನ ನಡುವೆ ಹೇಳಿದ್ದಳು, ಅವಳ ಕೋಣೆಯ ಕಿಟಕಿ ರಸ್ತೆಗೆ, ಅತ್ತೆ ಪೇಪರ್ ಅಂಟಿಸಿದ್ದಾರೆ, ಹಗಲೂ ಲೈಟ್ ಹಾಕಬೇಕು ಅಂತ. ಇವತ್ತು ಎರಡೂ ಪದರ ಬಿಚ್ಚಿ, ಇಸ್ತ್ರಿ ಮಾಡಿಸಿ, ಸರಳುಗಳನ್ನು ಬಟ್ಟೆಯಲ್ಲಿ ಸುತ್ತಿ ಬಸ್ ಹತ್ತಿದೆ. ಕಂಡಕ್ಟರ್ "ಎಂತ ಇದು, ಬಿಲ್ಲು ಬಾಣವಾ?" ಅಂದ.

ವೆಂಕಮ್ಮ ಬಾಗಿಲಲ್ಲೇ "ಇದೆಲ್ಲ ಯಾಕೆ ತರೋದಕ್ಕೆ ಹೋದ್ರಿ" ಅಂದರು. ಆದರೆ ಸ್ಟೂಲು ಅವರೇ ತಂದು ಹಿಡಿದುಕೊಂಡರು. ಕಿಟಕಿ ಸಣ್ಣದು, ಬಟ್ಟೆ ಹೆಚ್ಚಾಯಿತು, ಅವರೇ ಸೂಜಿ ತಂದು ಮಡಚಿ ಹೊಲಿದರು. ಪೇಪರ್ ಕಿತ್ತಾಗ ಕೋಣೆಗೆ ಬಿಸಿಲು ಬಂತು. ದಿವ್ಯ ಕಣ್ಣು ಕಿರಿದು ಮಾಡಿ ನಕ್ಕಳು.

"ರಸ್ತೆಯೋರಿಗೆ ಕಾಣಲ್ವಾ?" ಅಂದರು ವೆಂಕಮ್ಮ.

"ನೀವೇ ಹೋಗಿ ನೋಡಿ. ಈಗೊಂದು ಸಲ, ಸಂಜೆ ದೀಪ ಹಾಕಿದ ಮೇಲೆ ಒಂದು ಸಲ. ಸಂಜೆಯದ್ದು ಮರೀಬೇಡಿ. ಮುಖ್ಯ ಅದೇ."

ಅವರು ಸೆರಗು ಹೊದ್ದು ರಸ್ತೆಗೆ ಹೋಗಿ ನಿಂತು, ಆ ಕಡೆ ಈ ಕಡೆ ಬಗ್ಗಿ ನೋಡಿ, ಹೋಗುತ್ತಿದ್ದ ಹೆಂಗಸೊಬ್ಬಳನ್ನೂ ನಿಲ್ಲಿಸಿ ನೋಡಿಸಿದರು. ಒಳಗೆ ಬಂದು, "ನಿಮ್ಮ ಹೆಂಡ್ತಿ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ" ಅಂದರು. ಅಂದವರೇ ನಾಲಿಗೆ ಕಚ್ಚಿಕೊಂಡರು. ನಾನು "ಹೌದು, ಅವಳಿಗೆ ಪರದೆ ಅಂದ್ರೆ ಆಗ್ತಿರ್ಲಿಲ್ಲ" ಅಂದೆ. ನಿಜವೇ ಅಲ್ಲವೇ.

೭ ಏಪ್ರಿಲ್, ಸೋಮವಾರ

ಹೆಣ್ಣು ಕೂಸು. ನಿನ್ನೆ ಬೆಳಿಗ್ಗೆ. ಇಬ್ಬರೂ ಚೆನ್ನಾಗಿದ್ದಾರೆ.

ಆಸ್ಪತ್ರೆಯಲ್ಲಿ ವೆಂಕಮ್ಮ "ತಾತ ಎತ್ಕೊಳ್ಳಿ" ಅಂತ ಬಟ್ಟೆಯ ಗಂಟು ಮುಂದೆ ಚಾಚಿದರು. ಎಡಗೈ ತಲೆಯ ಕೆಳಗೆ, ಹೆಬ್ಬೆರಳು ಕಿವಿಯ ಹಿಂದೆ. ದಿಂಬಿನ ಹಾಗೆ ಇಲ್ಲ. ದಿಂಬಿಗೆ ಬಿಸಿ ಇರಲಿಲ್ಲ.

"ಅಪ್ಪ, ನಿನಗೆ ಹಿಡಿಯೋಕೆ ಬರ್ತದಾ!" ಅಂದಳು ದಿವ್ಯ.

"ಎದುರು ಮನೆಯೋರು ಕಲಿಸಿದ್ರು."

ಕೂಸು ಹಳದಿ ಇಲ್ಲ. ನಾನೇ ಕಿಟಕಿ ಹತ್ತಿರ ಹಿಡಿದು ನೋಡಿದೆ.

೯ ಏಪ್ರಿಲ್, ಬುಧವಾರ

ಕೊಪ್ಪಕ್ಕೆ ಬಂದೆ. ಬೀಗ ತೆಗೆದಾಗ ಮನೆ ಮುಚ್ಚಿಟ್ಟ ಡಬ್ಬಿಯ ವಾಸನೆ. ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ.

ಸಂಜೆ ಕೋಣೆಯ ದೀಪ ಹಾಕಿದೆ. ತಕ್ಷಣ ಎದುರಿನಿಂದ:

"ಏನು ಕೂಸು?"

"ಹೆಣ್ಣು!"

"ಅಲ್‌ಹಮ್ದುಲಿಲ್ಲಾ! ಪರದೆ ಎಲ್ಲಿ ಅಣ್ಣ?"

"ಮೊಮ್ಮಗಳಿಗೆ ಕೊಟ್ಟೆ."

"ಮತ್ತೆ ಪೂರಾ ಕಾಣ್ತಿದೆಯಲ್ಲ ನಿಮ್ಮ ಮನೆ!"

"ಕಾಣಲಿ" ಅಂದೆ. ಅಂದದ್ದು ಕೇಳಿಸಿತೋ ಇಲ್ಲವೋ, ಕುಕ್ಕರ್ ಕೂಗಿತು.

ಹಾಲಿನ ಬೆಂಚಿನ ಮೇಲೆ ಎನ್.ಆರ್.ಪುರದಿಂದ ತಂದ ಚೀಲಗಳಿದ್ದವು, ಎತ್ತಿಡಲು ಸುಸ್ತು. ಅದಕ್ಕೆ ಇವತ್ತು ಮಂಚದ ಮೇಲೆ ಮಲಗುತ್ತಿದ್ದೇನೆ. ಇಲ್ಲಿಂದಲೇ ಬರೆಯುತ್ತಿರುವುದು. ಈ ದಿಂಬಿನ ಮೇಲೆ ತಲೆಯಿಟ್ಟರೆ ಅವರ ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಸಾಲು, ಅದರ ಮೇಲೆ ತಾರಸಿಯ ಅಂಚು, ಅದರ ಮೇಲೆ ಒಂದು ಗೇಣು ಆಕಾಶ. ವನಜಾ ಮಲಗಲು ಶುರು ಮಾಡಿದಾಗ ಇಲ್ಲಿ ಬರೀ ಆಕಾಶವೇ ಇತ್ತು. ಒಂದೊಂದೇ ಕಲ್ಲು ಏರಿದ ಹಾಗೆ ಅದು ಕಡಿಮೆಯಾಯಿತು. ಲಿಂಟಲ್ ಮಟ್ಟಕ್ಕೆ ಬಂತು, ತಾರಸಿಗೆ ಬಂತು ಅಂತ ಅವಳು ಹೇಳುತ್ತಿದ್ದದ್ದು ಬೇಜಾರಿನಿಂದಲೋ, ಎದುರಿಗೆ ಜನ ಬರುತ್ತಾರೆ ಎಂಬ ಖುಷಿಯಿಂದಲೋ. ನಾನು ಕೇಳಲಿಲ್ಲ. ಗಂಜಿ ಆರುತ್ತದೆ ಅಂತಿದ್ದೆ.

೧೩ ಏಪ್ರಿಲ್, ಭಾನುವಾರ

ದಿವ್ಯ ಫೋನಿನಲ್ಲಿ ಬೈದಳು, ನಿನಗೆ ಒಂದು ಪರದೆ ತಂದುಕೋ ಅಪ್ಪ ಅಂತ. ನೋಡುವ ಅಂದೆ. ಅವಸರ ಏನಿದೆ. ಕೃತಿಕಾಳ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಬೆಳಿಗ್ಗೆ ಬಿಸಿಲು ಸೀದಾ ಮುಖದ ಮೇಲೆ ಬೀಳುತ್ತದೆ. ಇವತ್ತು ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ. ಓಣಿಯಾಚೆ ಒಲೆಯ ಲೈಟರ್ ಟಕ್ ಟಕ್ ಅಂದಿತು. ಆಮೇಲೆ ಶಕೀಲಾ:

"ಅಣ್ಣಾ, ಎದ್ರಾ?"

"ಎದ್ದೆ" ಅಂದೆ. ಅಂದು, ಮತ್ತೆ ಐದು ನಿಮಿಷ ಮಲಗಿದೆ.